ಯುದ್ಧದ ಓಲೆ ಮೊದಲು ಯಾರ ಬಾಗಿಲಿಗೆ?

ಹಾಸ್ಟೆಲ್ ಗೆಳೆಯರೇ,

2022ರ ಸೆಪ್ಟೆಂಬರ್ 21. ಉಕ್ರೇನಿನ ಮೇಲೆ ರಷ್ಯಾ ಯುದ್ಧಕ್ಕೆ ಹೋಗಿ ಏಳು ತಿಂಗಳಾಗುತ್ತಾ ಬಂದಿತ್ತು. ಅಧ್ಯಕ್ಷ ಪುಟಿನ್ ಟಿ.ವಿ.ಯಲ್ಲಿ ಕೂತು ಎರಡು ಮಾತು ಹೇಳಿದರು. ಒಂದು, ಯುದ್ಧಕ್ಕೆ ಇನ್ನೂ ಜನ ಬೇಕು. ಎಷ್ಟು ಅಂತ ಅವರ ರಕ್ಷಣಾ ಮಂತ್ರಿ ಅದೇ ದಿನ ಲೆಕ್ಕ ಕೊಟ್ಟರು: ಮೂರು ಲಕ್ಷ. ಇನ್ನೊಂದು, ನಮ್ಮ ನೆಲಕ್ಕೆ ಧಕ್ಕೆ ಬಂದರೆ ನಮ್ಮ ಹತ್ತಿರ ಇರುವ ಎಲ್ಲ ಅಸ್ತ್ರವನ್ನೂ ಬಳಸುತ್ತೇವೆ. ಎಲ್ಲ ಅಂದರೆ ಅಣುಬಾಂಬೂ ಸೇರಿ ಅಂತ ಲೋಕಕ್ಕೆಲ್ಲ ಅರ್ಥವಾಯಿತು. ಒಂದು ಕೈಯಲ್ಲಿ ಬಡವರ ಮಕ್ಕಳ ಪಟ್ಟಿ, ಇನ್ನೊಂದು ಕೈಯಲ್ಲಿ ಅಣುಬಾಂಬು. ಈ ಕಾಲದ ಯುದ್ಧ ಅಂದರೆ ಇಷ್ಟೇ.

ಸಕಲೇಶಪುರ, ಆಲೂರಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಹುಟ್ಟಿ ಹಾಸ್ಟೆಲಿನಲ್ಲಿ ಓದುತ್ತಿರುವ ನಮಗೂ ಆ ಯುದ್ಧಕ್ಕೂ ಏನು ಸಂಬಂಧ ಅಂತ ಕೆಲವರು ಕೇಳುತ್ತಾರೆ. ಸಂಬಂಧ ಇವತ್ತಿನದಲ್ಲ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಕೊಂಡಾಗ ನಮ್ಮ ಕಾಫಿ ಕೇಳುವವರಿಲ್ಲದೆ ಬಿತ್ತು. ತೋಟದ ಸಾಹುಕಾರರನ್ನು ಉಳಿಸಲು ಸರ್ಕಾರ ಆಗಿಂದಾಗಲೇ ಎದ್ದು ಕೂತಿತು. 1942ರಲ್ಲಿ ಕಾಫಿ ಕಾಯ್ದೆ ಬಂತು, ಕಾಫಿ ಬೋರ್ಡು ಬಂತು. ಆ ಕಾಫಿ ಕುಯ್ದ ಕೂಲಿಯವರಿಗೆ ಮನೆ, ಔಷಧಿ, ಮಕ್ಕಳ ಶಾಲೆ ಅಂತ ಹೇಳುವ ತೋಟ ಕಾರ್ಮಿಕರ ಕಾಯ್ದೆ ಬರುವುದಕ್ಕೆ 1951ರವರೆಗೆ ಕಾಯಬೇಕಾಯಿತು. ಯುದ್ಧ ಎಲ್ಲೇ ನಡೆಯಲಿ, ಪರಿಹಾರ ಮೇಲಿನಿಂದ ಹಂಚುತ್ತಾ ಬರುತ್ತದೆ, ಕಷ್ಟ ಕೆಳಗಿನಿಂದ ಹತ್ತುತ್ತಾ ಹೋಗುತ್ತದೆ.

ರಷ್ಯಾದ ಆ ಮೂರು ಲಕ್ಷದ ಓಲೆ ಯಾರ ಬಾಗಿಲು ತಟ್ಟಿತು ನೋಡಿ. ಬುರ್ಯಾತಿಯಾ, ತುವಾ, ದಾಗೆಸ್ತಾನ್ ಅಂತ ಆ ದೇಶದ ಅಂಚಿನಲ್ಲಿ ಬಡ ಸೀಮೆಗಳಿವೆ. ಅಲ್ಲಿನವರ ಭಾಷೆ ಬೇರೆ, ಮುಖಚಹರೆ ಬೇರೆ, ದೇವರು ಬೇರೆ. ಓಲೆ ಅಲ್ಲಿಗೆ ಜೋರಾಗಿ ಬಿತ್ತು. ದಾಗೆಸ್ತಾನಿನ ಮಖಚ್‌ಕಲಾ ಪಟ್ಟಣದಲ್ಲಿ ಹೆಂಗಸರೇ ಬೀದಿಗಿಳಿದು ಪೊಲೀಸರ ಎದುರು ನಿಂತರು. ಕಾಸಿದ್ದವರು ವಿಮಾನ ಹತ್ತಿ, ಕಾರು ಹತ್ತಿ ಗಡಿ ದಾಟಿದರು.

ಉಕ್ರೇನಿನ ಜನ ತಮ್ಮ ಮೇಲೆ ಬಿದ್ದ ದಾಳಿಗೆ ಎದುರು ನಿಂತವರು. ಹೊಡೆದವನನ್ನೂ ಹೊಡೆತ ತಿಂದವನನ್ನೂ ನಾವು ಒಂದೇ ತಕ್ಕಡಿಗೆ ಹಾಕುವುದಿಲ್ಲ. ಆದರೆ ಅಲ್ಲೂ ಬಡವನ ಪಾಡು ಬೇರೆಯಲ್ಲ. 2023ರ ಆಗಸ್ಟಿನಲ್ಲಿ ಅಧ್ಯಕ್ಷ ಝೆಲೆನ್ಸ್ಕಿ ಪ್ರಾಂತ್ಯಗಳ ಸೇನಾ ಭರ್ತಿ ಅಧಿಕಾರಿಗಳನ್ನೆಲ್ಲ ಒಂದೇ ಏಟಿಗೆ ಕಿತ್ತುಹಾಕಬೇಕಾಯಿತು. ಕಾರಣ ಲಂಚ. ದುಡ್ಡು ಕೊಟ್ಟವನಿಗೆ ವಿನಾಯಿತಿ, ಕೊಡಲಾರದವನಿಗೆ ಕಂದಕ.

ಇನ್ನು ನಮ್ಮ ನಾಡಿಗೆ ಬನ್ನಿ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಒಬ್ಬ ಮೆಡಿಕಲ್ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್ ಪಟ್ಟಣದಲ್ಲಿ ಶೆಲ್ ದಾಳಿಗೆ ಸಿಕ್ಕು ಸತ್ತ. ಊಟದ ಸಾಮಾನು ತರಲು ಹೊರಗೆ ಹೋಗಿದ್ದವನು. 2024ರ ಶುರುವಿನಲ್ಲಿ ಕಲಬುರಗಿ ಜಿಲ್ಲೆಯ ಯುವಕರು ರಷ್ಯಾದ ಸೈನ್ಯದಲ್ಲಿ ಸಿಕ್ಕಿಕೊಂಡಿದ್ದಾರೆ ಅನ್ನುವ ಸುದ್ದಿ ಹೊರಬಿತ್ತು. ಸೆಕ್ಯೂರಿಟಿ ಕೆಲಸ, ಹೆಲ್ಪರ್ ಕೆಲಸ, ಒಳ್ಳೆ ಸಂಬಳ ಅಂತ ಏಜೆಂಟರು ಹೇಳಿ ಕಳಿಸಿದ್ದರು. ಕೈಗೆ ಬಂದದ್ದು ಬಂದೂಕು. ಹೀಗೆ ಹೋದವರು ಹೈದರಾಬಾದ್, ಸೂರತ್, ಪಂಜಾಬ್, ಕೇರಳದಲ್ಲೂ ಇದ್ದರು. ಭಾರತ ಸರ್ಕಾರವೇ 2025ರ ಜನವರಿಯಲ್ಲಿ ಕೊಟ್ಟ ಲೆಕ್ಕ: ರಷ್ಯಾದ ಸೈನ್ಯ ಸೇರಿದ ಭಾರತೀಯರು 126, ಸತ್ತವರು 12, ಪತ್ತೆಯಿಲ್ಲದವರು 16. ಇವರು ಯಾರೂ ರಷ್ಯಾದ ಮೇಲಿನ ಪ್ರೀತಿಗೆ ಹೋದವರಲ್ಲ. ಕೆಲಸ ಹುಡುಕಿಕೊಂಡು ಹೋದವರು. ಕಾಡಿನಲ್ಲಿ ಆನೆ ಓಡಾಡೋ ಹೊತ್ತಿನಲ್ಲಿ ತೋಟದ ಕೆಲಸಕ್ಕೆ ಹೋಗೋ ನಮ್ಮ ಅಪ್ಪ ಅವ್ವಂದಿರಿಗೂ ಅವರಿಗೂ ಏನು ವ್ಯತ್ಯಾಸ? ಹೊಟ್ಟೆ ತಳ್ಳಿದ ಕಡೆಗೆ ಕಾಲು ಹೋಗುತ್ತದೆ.

ಹಾಗಾದರೆ ಸೈನ್ಯಕ್ಕೇ ಸೇರಬಾರದೇ ಅಂತ ನೀವು ಕೇಳಬಹುದು. ನಾವು ಹಾಗೆ ಹೇಳುವುದಿಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರರು, ಸೈನ್ಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಊರ ಶಾಲೆ ಬಾಗಿಲು ಹಾಕಿದಾಗ ಅಕ್ಷರದ ಬಾಗಿಲು ನಮ್ಮವರಿಗೆ ತೆರೆದದ್ದು ದಂಡಿನಲ್ಲಿ. ಆದರೆ ಆ ದಂಡಿನ ಚರಿತ್ರೆಯನ್ನೂ ಓದಿ. 1892ರಲ್ಲಿ ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸಿದರು, ಇವರು ಯೋಧರ ಜಾತಿಯಲ್ಲ ಅಂತ. ಮೊದಲ ಮಹಾಯುದ್ಧದಲ್ಲಿ ಆಳು ಸಾಲದೆ 1917ರಲ್ಲಿ ಮತ್ತೆ ಕರೆದರು. ಯುದ್ಧ ಮುಗಿದ ಮೇಲೆ 1921ರಲ್ಲಿ ಆ ಪಡೆಯನ್ನೇ ಬರಖಾಸ್ತು ಮಾಡಿದರು. ಎರಡನೇ ಮಹಾಯುದ್ಧ ಬಂತು, ಅಂಬೇಡ್ಕರರು ಪಟ್ಟು ಹಿಡಿದರು, 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ಪಡೆ ಕಟ್ಟಲಾಯಿತು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟನ್ನು 1946ರಲ್ಲಿ ಮುಚ್ಚಿದರು. ಸಾಯಲಿಕ್ಕೆ ಜನ ಬೇಕಾದಾಗ ಮೈಲಿಗೆ ಇಲ್ಲ, ಗೆದ್ದ ಮೇಲೆ ಮತ್ತೆ ಕೇರಿಗೆ ನಡಿ!

ಬಾಬಾಸಾಹೇಬರು ಕೇಳಿದ್ದು ಸಾಯುವ ಹಕ್ಕನ್ನಲ್ಲ. ಸಂಬಳ, ಪಿಂಚಣಿ, ಅಧಿಕಾರ, ತಲೆಯೆತ್ತಿ ನಡೆಯುವ ಹಕ್ಕು. 2022ರ ಜೂನಿನಲ್ಲಿ ಬಂದ ಅಗ್ನಿಪಥದಲ್ಲಿ ನಾಲ್ಕು ವರ್ಷ ದುಡಿಸಿಕೊಂಡು ನಾಲ್ವರಲ್ಲಿ ಒಬ್ಬನನ್ನು ಇಟ್ಟುಕೊಳ್ಳುತ್ತಾರೆ. ಮೂವರಿಗೆ ಒಂದು ಗಂಟು ಕೊಟ್ಟು ಕಳಿಸುತ್ತಾರೆ, ಪಿಂಚಣಿ ಇಲ್ಲ. ಸೈನ್ಯದ ಭರ್ತಿಯಲ್ಲಿ ಮೀಸಲಾತಿಯೂ ಇಲ್ಲ. ಹೋಗುವವರು ಇದನ್ನೆಲ್ಲ ಲೆಕ್ಕ ಹಾಕಿ ಹೋಗಿ. ಡಿಗ್ರಿ ಮುಗಿಸಿ ಹೋಗಿ, ಅಧಿಕಾರಿಯ ಪರೀಕ್ಷೆಗೆ ಕೂರಿ.

ಇದೇ ಬಾಬಾಸಾಹೇಬರು 1951ರ ಅಕ್ಟೋಬರಿನಲ್ಲಿ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟಾಗ ಹಿಂದೂ ಕೋಡ್ ಬಿಲ್ಲಿನ ಮಾತು ಮಾತ್ರ ಆಡಲಿಲ್ಲ. ದೇಶದ 350 ಕೋಟಿ ಆದಾಯದಲ್ಲಿ 180 ಕೋಟಿ ಸೈನ್ಯಕ್ಕೇ ಹೋಗುತ್ತಿದೆ, ಇದು ನಮ್ಮ ವಿದೇಶ ನೀತಿಯ ಫಲ ಅಂತ ಬಿಚ್ಚಿ ಹೇಳಿದರು. 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ. ಇದನ್ನು ಪ್ರಶ್ನೆ ಮಾಡಿದವನು ದೇಶದ್ರೋಹಿ ಅನ್ನುವವರು ಸಂವಿಧಾನ ಬರೆದವರನ್ನೂ ಆ ಪಟ್ಟಿಗೆ ಸೇರಿಸಲಿ, ನೋಡೋಣ.

ಯುದ್ಧ ನೆಲಕ್ಕಾಗಿ ಅನ್ನುತ್ತಾರೆ. ಯಾವ ನೆಲ? ನಮ್ಮ ಮಲೆನಾಡಿನಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿ ತೋಟ ಮಾಡಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಬಹುದು ಅಂತ 2022ರಲ್ಲಿ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. ಅದೇ ತೋಟದ ಲೈನ್ ಮನೆಯಲ್ಲಿ ಮೂರು ತಲೆಮಾರು ಬಾಳಿದವನಿಗೆ ಹೆಣ ಹೂಳಲಿಕ್ಕೆ ಜಾಗ ಕೇಳಿದರೂ ತಕರಾರು. ಗಡಿಯಲ್ಲಿ ಒಂದು ಗೇಣಿಗೆ ಪ್ರಾಣ ಕೊಡು ಅನ್ನುವವರು ಊರಲ್ಲಿ ಒಂದು ಗುಂಟೆಗೆ ಹಕ್ಕುಪತ್ರ ಕೊಡಲಿ.

ಇನ್ನು ಅಣುಬಾಂಬು. ಬಾಂಬಿಗೆ ಜಾತಿ ಇಲ್ಲ, ಎಲ್ಲರನ್ನೂ ಒಟ್ಟಿಗೆ ಸುಡುತ್ತದೆ ಅನ್ನುತ್ತಾರೆ. ಸುಡುವುದು ನಿಜ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಒಂದು ಬಾಂಬಿಗೆ ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 1,40,000 ಜನ ಸತ್ತರು. ಅವರಲ್ಲಿ ಸಾವಿರಾರು ಕೊರಿಯನ್ನರು. ಜಪಾನಿನ ಆಳ್ವಿಕೆಯಲ್ಲಿ ಬಿಟ್ಟಿ ದುಡಿಯಲು ಹಿಡಿದು ತಂದವರೂ ಅದರಲ್ಲಿ ಇದ್ದರು. ಅವರ ನೆನಪಿನ ಕಲ್ಲನ್ನು 1970ರಲ್ಲಿ ನಿಲ್ಲಿಸಿದ್ದು ಎಲ್ಲಿ ಗೊತ್ತೇ? ಶಾಂತಿ ಉದ್ಯಾನದ ಹೊರಗೆ. ಒಳಗೆ ಬರಲು 1999 ಆಗಬೇಕಾಯಿತು. ಒಟ್ಟಿಗೆ ಸತ್ತವರಿಗೂ ಊರ ಹೊರಗೇ ಜಾಗ. ಇದು ನಮಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಅದೆಲ್ಲ ದೂರದ್ದು, ನಮ್ಮ ಬೆಟ್ಟಕ್ಕೆ ಬರೋದಿಲ್ಲ ಅಂತಲೂ ಅನ್ನಬೇಡಿ. 1986ರಲ್ಲಿ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಅದರ ವಿಷ ಗಾಳಿಯಲ್ಲಿ ತೇಲಿ ಬ್ರಿಟನ್ನಿನ ವೇಲ್ಸ್ ಬೆಟ್ಟಗಳ ಮೇಲೆ ಮಳೆಯ ಜೊತೆ ಇಳಿಯಿತು. ಅಲ್ಲಿ ಮೇಯುವ ಕುರಿಗಳ ಮಾರಾಟಕ್ಕೆ ಹಾಕಿದ ನಿರ್ಬಂಧ ಪೂರ್ತಿ ತೆಗೆದದ್ದು 2012ರಲ್ಲಿ. ಮಳೆ ಜಾಸ್ತಿ ಬೀಳುವ ಬೆಟ್ಟವೇ ವಿಷವನ್ನೂ ಜಾಸ್ತಿ ಹಿಡಿಯುತ್ತದೆ. ನಮ್ಮ ಬಿಸಿಲೆ ಘಾಟಿಗಿಂತ ಮಳೆ ಬೇಕೇ? ಅಂಥ ಸ್ಥಾವರಗಳನ್ನೇ ಈ ಯುದ್ಧದಲ್ಲಿ ರಣರಂಗ ಮಾಡಿದರು. 2022ರ ಮಾರ್ಚಿನಲ್ಲಿ ರಷ್ಯಾದ ಸೈನ್ಯ ಯೂರೋಪಿನಲ್ಲೇ ದೊಡ್ಡದಾದ ಝಪೋರಿಝಿಯಾ ಸ್ಥಾವರವನ್ನು ಗುಂಡು ಹಾರಿಸಿ ಹಿಡಿಯಿತು. ನಮ್ಮ ಕಾರವಾರದ ಹತ್ತಿರ ಕೈಗಾ ಇದೆ. ಹಾಸನದಲ್ಲೇ ಉಪಗ್ರಹ ನಿಯಂತ್ರಣ ಕೇಂದ್ರ ಇದೆ.

2025ರ ಮೇ ತಿಂಗಳು ನೆನಪಿದೆಯಲ್ಲ? ಪಹಲ್ಗಾಮಿನಲ್ಲಿ 26 ಜನರನ್ನು ಕೊಂದ ಪಾತಕಕ್ಕೆ ಕ್ಷಮೆಯಿಲ್ಲ. ಅದಾದ ಮೇಲೆ ಮೇ 7ರಿಂದ 10ರವರೆಗೆ ಎರಡು ದೇಶಗಳು ಬಡಿದಾಡಿದವು. ಭಾರತದ ಹತ್ತಿರ ಸುಮಾರು 180, ಪಾಕಿಸ್ತಾನದ ಹತ್ತಿರ ಸುಮಾರು 170 ಅಣುಬಾಂಬು ಇವೆ ಅಂತ ಆ ವರ್ಷದ ಅಂದಾಜು. ಆ ನಾಲ್ಕು ದಿನ ಟಿ.ವಿ.ಯವರು ಕ್ರಿಕೆಟ್ಟಿನ ಹಾಗೆ ಕಿರುಚಿದರು. ಕಿರುಚಿದವರು ಯಾರೂ ಬಂಕರಿನಲ್ಲಿ ಕೂತಿರಲಿಲ್ಲ. ಪೂಂಛ್‌ನಲ್ಲಿ ಶೆಲ್ಲಿಗೆ ಸತ್ತವರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರು.

ಗೆಳೆಯರೇ, ಆದ್ದರಿಂದ ಮೂರು ಮಾತು. ಓದಲು ಬಾರದ ಭಾಷೆಯ ಕಾಗದಕ್ಕೆ ಯಾವ ಏಜೆಂಟ್ ಹೇಳಿದರೂ ಸಹಿ ಹಾಕಬೇಡಿ, ಪಾಸ್‌ಪೋರ್ಟ್ ಬಿಟ್ಟುಕೊಡಬೇಡಿ, ರಜಕ್ಕೆ ಊರಿಗೆ ಹೋದಾಗ ಲೈನಿನ ಹುಡುಗರಿಗೂ ಇದನ್ನು ಹೇಳಿ. ಹಾಸ್ಟೆಲಿನಲ್ಲಿ ಯಾರಾದರೂ ಯುದ್ಧ ಬೇಕು ಅಂತ ಕೂಗಿದರೆ ಜಗಳಕ್ಕೆ ಹೋಗಬೇಡಿ, ನಿನ್ನ ಮನೆಯಿಂದ ಯಾರು ಹೋಗ್ತಾರಪ್ಪಾ ಅಂತ ಒಂದೇ ಪ್ರಶ್ನೆ ಕೇಳಿ. ಆಗಸ್ಟ್ 6ರ ಸಂಜೆ ಪ್ರತಿ ಹಾಸ್ಟೆಲಿನಲ್ಲೂ ಹತ್ತು ಜನ ಕೂತು ಬಾಬಾಸಾಹೇಬರ ರಾಜೀನಾಮೆಯ ಹೇಳಿಕೆಯನ್ನು ಗಟ್ಟಿಯಾಗಿ ಓದಿ, ಚರ್ಚೆ ಮಾಡಿ.

ಕಾಫಿ ಕುಯ್ದು, ಮೆಣಸು ಬಿಡಿಸಿ ನಮ್ಮನ್ನು ಓದಿಸುತ್ತಿರುವ ಅವ್ವಂದಿರು ನಮ್ಮನ್ನು ಹೆತ್ತದ್ದು ಯಾರದೋ ಪಟ್ಟಿಗೆ ಒಂದು ಸಂಖ್ಯೆಯಾಗಲಿ ಅಂತ ಅಲ್ಲ. ಪಟ್ಟಿ ಮಾಡುವ ಜಾಗದಲ್ಲಿ ನಾವೂ ಕೂರಬೇಕು. ಯುದ್ಧ ಬೇಕೋ ಬೇಡವೋ ಅಂತ ಹೇಳುವ ಬಾಯಿ ನಮಗೂ ಇರಬೇಕು. ಓದುತ್ತಿರುವುದು ಅದಕ್ಕೆ.

ಜೈ ಭೀಮ್.