ಹೈಫಾದ ಸಮಾಧಿಗಳೂ ಮೈಸೂರಿನ ಸವಾರರೂ

೨೦೧೭ರ ಜುಲೈ ೬ರಂದು ಪ್ರಧಾನಿ ನರೇಂದ್ರ ಮೋದಿಯವರು ಇಸ್ರೇಲಿನ ಹೈಫಾದಲ್ಲಿರುವ ಭಾರತೀಯ ಸೈನಿಕರ ಸಮಾಧಿಸ್ಥಳಕ್ಕೆ ತೆರಳಿ ಪುಷ್ಪಗುಚ್ಛವಿರಿಸಿದುದು ಉಚಿತವೇ ಸರಿ. ಅಂದು ಅವರು ಅನಾವರಣಗೊಳಿಸಿದ ಫಲಕ ಜೋಧಪುರದ ಮೇಜರ್ ದಲಪತ್ ಸಿಂಗರದು. ಆ ಗೌರವಕ್ಕೆ ಆತ ಅರ್ಹನೆಂಬುದರಲ್ಲಿ ಸಂದೇಹವಿಲ್ಲ. ಆದರೆ ೧೯೧೮ರ ಸೆಪ್ಟೆಂಬರ್ ೨೩ರಂದು ಕಾರ್ಮೆಲ್ ಬೆಟ್ಟದ ಕಡಿದಾದ ಮೈಯನ್ನೇರಿ ತುರ್ಕರ ಫಿರಂಗಿಗಳನ್ನು ವಶಪಡಿಸಿಕೊಂಡ ತುಕಡಿ ಮೈಸೂರು ಲ್ಯಾನ್ಸರ್ಸ್ ದಳದ್ದೆಂದು ನಮ್ಮವರಲ್ಲಿ ಎಷ್ಟು ಮಂದಿ ಬಲ್ಲರು? ಅವರು ಕಾದಿದುದು ಆಂಗ್ಲ ಚಕ್ರಾಧಿಪತ್ಯಕ್ಕಾಗಿ, ನಿಜ. ಅದರಿಂದ ಮಡಿದವನ ತಾಯಿಯ ದುಃಖ ಕಡಿಮೆಯಾದೀತೆ? ಆ ದಳದ ಸ್ಮಾರಕಶಿಲೆ ಬೆಂಗಳೂರಿನ ಜೆ.ಸಿ. ನಗರದಲ್ಲಿಯೇ ಇದೆ. ಕಳಮಶ್ಶೇರಿಯ ಹೋಟೆಲು, ಕಚೇರಿಗಳಿಂದ ರಜೆಗೆ ಹೊರಡುವ ನಮ್ಮ ಬಂಧುಗಳಿಗೆ ಹೈಫಾ ದೂರ. ದಂಡು ನಿಲ್ದಾಣದಲ್ಲಿ ಇಳಿದವರಿಗೆ ಜೆ.ಸಿ. ನಗರವೇನೂ ದೂರವಲ್ಲ.