ಆರೋಗ್ಯ ವಿಚಾರ: ಆಟಗಾರರ ತೊಡೆಸಂದಿನ ನೋವು

ಕೊಡಗಿನಲ್ಲಿ ಬೇಸಗೆಯೆಂದರೆ ಹಾಕಿಯ ಕಾಲ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯು 1997ರಲ್ಲಿ ಕರಡ ಗ್ರಾಮದಲ್ಲಿ 60 ತಂಡಗಳೊಡನೆ ಆರಂಭವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ ತಂಡಗಳ ಸಂಖ್ಯೆ 360 ಆಗಿತ್ತು. ಕಾವೇರಿಯ ದಡದ ನೆಲ್ಯಹುದಿಕೇರಿಯಂತಹ ಊರುಗಳಿಂದ ಮೈಸೂರು, ಬೆಂಗಳೂರುಗಳಿಗೆ ಉದ್ಯೋಗಕ್ಕೆಂದು ಹೋದವರೂ ಆ ವೇಳೆಗೆ ಕೋಲು ಹಿಡಿಯಲು ಹಿಂದಿರುಗುವುದುಂಟು. ವರ್ಷವೆಲ್ಲ ಕುರ್ಚಿಯಲ್ಲಿ ಕುಳಿತ ದೇಹವು ಹದಿನೈದೇ ದಿನಗಳ ಅಭ್ಯಾಸದಿಂದ ಹಳೆಯ ವೇಗವನ್ನು ತೋರಬೇಕಾಗುತ್ತದೆ. ತೊಡೆಸಂದಿನ ನೋವಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ.

ಹಾಕಿ ಆಡುವವರು ಸೊಂಟ ಬಗ್ಗಿಸಿ ಓಡಬೇಕು; ಓಡುತ್ತಲೇ ತಟ್ಟನೆ ತಿರುಗಬೇಕು; ಕಾಲನ್ನು ಪಕ್ಕಕ್ಕೆ ಚಾಚಿ ಚೆಂಡನ್ನು ತಡೆಯಬೇಕು. ತೊಡೆಯ ಒಳಬದಿಯ ಸ್ನಾಯುಗಳು ಕಿಬ್ಬೊಟ್ಟೆಯ ಬುಡದಲ್ಲಿರುವ ಮೂಳೆಗೆ ಅಂಟಿಕೊಂಡಿವೆ. ಹೊಟ್ಟೆಯ ಸ್ನಾಯುಗಳೂ ಮೇಲಿನಿಂದ ಬಂದು ಅಲ್ಲಿಯೇ ಸೇರುತ್ತವೆ. ಈ ಎರಡು ಎಳೆತಗಳಿಂದಾದ ಸವೆತವನ್ನು ದೇಹವು ವಿಶ್ರಾಂತಿಯ ಕಾಲದಲ್ಲಿ ಸರಿಪಡಿಸಿಕೊಳ್ಳುತ್ತದೆ. ವಿಶ್ರಾಂತಿ ದೊರೆಯದಿದ್ದರೆ ಸವೆತವೇ ಮುಂದಾಗುತ್ತದೆ.

ಈ ನೋವಿನ ಮೊದಲ ಗುಣವೆಂದರೆ ವಂಚನೆ. ಸ್ನಾಯು ಹರಿದಾಗ ಆಗುವಂತೆ ಇದು ಒಂದೇ ಕ್ಷಣದಲ್ಲಿ ಕಾಣಿಸಿಕೊಳ್ಳದು. ಆರಂಭದಲ್ಲಿ ಮೈದಾನಕ್ಕಿಳಿದ ಕೂಡಲೆ ಬಿಗಿತ ತೋರಿ, ಮೈ ಬಿಸಿಯಾಗುತ್ತಲೇ ಮಾಯವಾಗುತ್ತದೆ. ಆಟಗಾರನು ಗುಣವಾಯಿತೆಂದು ನಂಬುತ್ತಾನೆ. ಸಂಜೆಯಲ್ಲಿಯೋ ಮರುದಿನ ಬೆಳಿಗ್ಗೆಯೋ ಅದು ಮತ್ತೆ ಬರುತ್ತದೆ. ಮುಂದೆ ಆಟದ ನಡುವೆಯೂ ಉಳಿಯುತ್ತದೆ. ಕೊನೆಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ಕಾರಿನಿಂದ ಇಳಿದರೆ, ಕೆಮ್ಮಿದರೆ ಸಹ ಚಳುಕು ಹೊಡೆಯುತ್ತದೆ. ಅಂಗಾತ ಮಲಗಿ, ಮೊಣಕಾಲುಗಳನ್ನು ಮಡಿಸಿ, ಅವುಗಳ ನಡುವೆ ಮುಷ್ಟಿಯನ್ನಿಟ್ಟು ಒತ್ತಿ ನೋಡಿರಿ. ತೊಡೆಯ ಒಳಬದಿಯ ಮೇಲ್ಭಾಗ ನೊಂದರೆ ಅಲ್ಲಿಯ ಸ್ನಾಯುಗಳ ಮೇಲೆ ಸಂಶಯಪಡಬಹುದು.

ನೋವಿನ ಸ್ಥಳವನ್ನು ಬೆರಳಿಟ್ಟು ತೋರಿಸುವುದೂ ಮುಖ್ಯ. 2014ರಲ್ಲಿ ದೋಹಾ ನಗರದಲ್ಲಿ ಸೇರಿದ ತಜ್ಞರು ಈ ನೋವಿನ ಮೂಲಗಳನ್ನು ನಾಲ್ಕಾಗಿ ವಿಂಗಡಿಸಿದರು: ತೊಡೆಯ ಒಳಸ್ನಾಯು, ತೊಡೆಯನ್ನು ಮೇಲೆತ್ತುವ ಸ್ನಾಯು, ಕಿಬ್ಬೊಟ್ಟೆಯ ಸಂದು ಮತ್ತು ಅದರ ಬುಡದ ಮೂಳೆ. ಸೊಂಟದ ಕೀಲಿನ ದೋಷಗಳನ್ನು ಅವರು ಬೇರೆಯಾಗಿಯೇ ಇರಿಸಿದರು.

ನಮ್ಮ ಮನೆಗಳಲ್ಲಿ ಮೊಣಕಾಲು ನೊಂದರೆ ಹುಡುಗರು ಕೂಗಿ ಹೇಳುತ್ತಾರೆ. ತೊಡೆಸಂದು ನೊಂದರೆ ನಾಚಿ ಮರೆಮಾಚುತ್ತಾರೆ. ಅಂಗಡಿಯ ಮಾತ್ರೆ ನುಂಗಿ ಆಟ ಮುಂದುವರಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ. ಕೆಮ್ಮಿದಾಗ ಗಂಟು ಉಬ್ಬಿದರೆ ಅದು ಅಂಡವಾಯು, ಅಂದರೆ ಹರ್ನಿಯಾ ಇರಬಹುದು. ಕಾಲೂರಿದಾಗ ಸಂದಿನ ಆಳದಲ್ಲಿ ನೊಂದು, ರಾತ್ರಿಯೂ ಬಿಡದಿದ್ದರೆ ತೊಡೆಮೂಳೆಯ ಕತ್ತಿನಲ್ಲಿ ಬಿರುಕಿರಬಹುದು. ದೂರ ಓಡುವವರಲ್ಲಿ, ಸೈನ್ಯಕ್ಕೆ ಹೊಸದಾಗಿ ಸೇರಿದವರಲ್ಲಿ ಇದು ಕಂಡುಬರುತ್ತದೆ. ಅಲಕ್ಷಿಸಿದರೆ ಮೂಳೆ ಮುರಿದೀತು. ಹುಡುಗರಿಗೆ ವೃಷಣದಲ್ಲಿ ಹಠಾತ್ತನೆ ತೀವ್ರ ನೋವು ಬಂದರೆ ಗಂಟೆಗಳೂ ಅಮೂಲ್ಯ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನೋವಿನೊಡನೆ ಜ್ವರ ಬಂದರೂ ವೈದ್ಯರನ್ನು ಕಾಣಲು ತಡಮಾಡಬಾರದು.

ಅತಿಶ್ರಮದ ನೋವಿಗೆ ಕೇವಲ ವಿಶ್ರಾಂತಿ ಸಾಲದು. 1999ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗವೊಂದರಲ್ಲಿ, ತೊಡೆಯ ಒಳಸ್ನಾಯುಗಳಿಗೆ ಸಂಬಂಧಿಸಿದ ಬಹುಕಾಲದ ನೋವಿನಿಂದ ಬಳಲುತ್ತಿದ್ದ ಆಟಗಾರರನ್ನು ಎರಡು ಗುಂಪುಗಳಾಗಿ ಮಾಡಲಾಯಿತು. ಸ್ನಾಯುಗಳನ್ನು ಕ್ರಮವಾಗಿ ಬಲಪಡಿಸುವ ವ್ಯಾಯಾಮ ಮಾಡಿದ ಗುಂಪಿನಲ್ಲಿ 23 ಮಂದಿ ನೋವಿಲ್ಲದೆ ಆಟಕ್ಕೆ ಮರಳಿದರು. ವ್ಯಾಯಾಮವಿಲ್ಲದೆ ಮಾಲೀಸು, ಸ್ನಾಯು ಎಳೆತ ಮೊದಲಾದ ಚಿಕಿತ್ಸೆ ಪಡೆದವರಲ್ಲಿ ಹಾಗೆ ಮರಳಿದವರು ನಾಲ್ವರು ಮಾತ್ರ. ಆದರೆ ಈ ವ್ಯಾಯಾಮಕ್ಕೆ ಎಂಟರಿಂದ ಹನ್ನೆರಡು ವಾರಗಳ ತಾಳ್ಮೆ ಬೇಕು. ಅದನ್ನು ಬಲ್ಲವರ ಮಾರ್ಗದರ್ಶನವೂ ಬೇಕು.

ಆದುದರಿಂದ ಬೇಸಗೆಯ ಪಂದ್ಯಕ್ಕೆ ಸಂಕ್ರಾಂತಿಯ ವೇಳೆಗೇ ಅಭ್ಯಾಸ ಆರಂಭಿಸುವುದು ಲೇಸು. ಓಟವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಿರಿ. ಮಗನೋ ಮಗಳೋ ಮೈದಾನದಿಂದ ಬಂದು ಮೆಟ್ಟಲನ್ನು ಒಂದೊಂದಾಗಿ ಹತ್ತುತ್ತಿದ್ದರೆ, ಎಲ್ಲಿ ನೋವೆಂದು ತಾಯಿತಂದೆಯರೇ ಮೊದಲು ಕೇಳಲಿ.