ಮನೆಯ ಜಾಲದ ಪರೀಕ್ಷೆ

ಉಡುಪಿ, ಮಣಿಪಾಲಗಳ ಅನೇಕ ಮನೆಗಳಲ್ಲಿ ಮಕ್ಕಳ ಪಾಠವೂ ಹಿರಿಯರ ಉದ್ಯೋಗವೂ ಈಗ ಗಣಕಯಂತ್ರದಿಂದ ನಡೆಯುವುವಷ್ಟೆ. ವೇಗವು ಕುಗ್ಗಿದೊಡನೆ ಹೆಚ್ಚಿನ ದರದ ಇಂಟರ್‌ನೆಟ್ಟಿಗೆ ಹಣ ತೆರುವುದು ವಿವೇಕವಲ್ಲ. ದೋಷವು ಮನೆಯೊಳಗೇ ಇರಬಹುದು. ಕಾಪು, ಕಾರ್ಕಳಗಳ ಹಳೆಯ ಮನೆಗಳ ದಪ್ಪನಾದ ಮುರಕಲ್ಲಿನ ಗೋಡೆಗಳು ವೈಫೈ ಅಲೆಗಳನ್ನು ಕುಗ್ಗಿಸತಕ್ಕವು.

ಸ್ಪೀಡ್‌ಟೆಸ್ಟ್ ಒಳಹೊರಗಿನ ದಾರಿಗಳೆರಡನ್ನೂ ಕೂಡಿಸಿ ಅಳೆಯುವುದು. 1983ರಲ್ಲಿ ಹುಟ್ಟಿದ ಪಿಂಗ್, ಉತ್ತರವು ಬರುವ ವಿಳಂಬವನ್ನು ತಿಳಿಸುವುದೇ ಹೊರತು ಸಾಮರ್ಥ್ಯವನ್ನಲ್ಲ. ಇದಕ್ಕೆ ಐಪರ್ಫ್ ಎಂಬ ಉಚಿತ ಸಾಧನವೇ ತಕ್ಕುದು. ವಾಚಕರು ಅದನ್ನು ಮನೆಯ ಎರಡು ಯಂತ್ರಗಳಲ್ಲಿ ನಡೆಯಿಸಿ, ಮೊದಲು ಕೇಬಲಿನಿಂದಲೂ ಬಳಿಕ ವೈಫೈಯಿಂದಲೂ ಅಳೆಯಬೇಕು. 1000 ಮೆಗಾಬಿಟ್ಟಿನ ಯಂತ್ರಗಳ ನಡುವೆ ಕೇಬಲಿನಲ್ಲಿ ಸುಮಾರು 940 ದೊರೆತರೆ ತಂತಿಯು ನಿರ್ದುಷ್ಟ. 94ರ ಬಳಿ ನಿಂತರೆ ಅದರ ನಾಲ್ಕು ಜೊತೆ ಎಳೆಗಳಲ್ಲೊಂದು ಕಡಿದಿರಬಹುದು. ಆಗ ಹೊಸ ಕೇಬಲೇ ಸಾಕಾದೀತು. ಅಳೆದ ಮೇಲೆಯೇ ಹಣ ತೆರುವುದು ಲೇಸು.